ಹಳ್ಳಿಯವರ ಶಿಷ್ಯರಾದ ಕಿಟ್ಟೆಲ್ ಅಯ್ಯನವರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ಸೀಮೆಗಳ ಹಳ್ಳಿಸಭೆಗಳಲ್ಲಿ ಇಂಗ್ಲಿಷ್ ಭಾಷೆಯನ್ನು ಕಲಿಯಬೇಕೆಂದು ಆಶಿಸುವ ಹುಡುಗರೂ ಹುಡುಗಿಯರೂ ಅನೇಕರಿದ್ದಾರೆ. ಮನೆಯಲ್ಲಿ ಆ ಭಾಷೆಯನ್ನಾಡುವವರಿಲ್ಲ, ತಕ್ಕ ಪುಸ್ತಕಗಳಿಲ್ಲ, ತಪ್ಪಾಡಿದರೆ ನಗುವವರು ಮಾತ್ರ ಬಹುಮಂದಿ. ಹೀಗಿರಲಾಗಿ ಅವರಲ್ಲಿ ಕೆಲವರು ಬೇಗನೆ ಮನಗುಂದಿ ಬಿಟ್ಟುಬಿಡುತ್ತಾರೆ. ಅಂಥವರ ಧೈರ್ಯಕ್ಕಾಗಿಯೂ ಅವರ ತಂದೆತಾಯಿಗಳ ಬುದ್ಧಿಗಾಗಿಯೂ ಫರ್ಡಿನೆಂಡ್ ಕಿಟ್ಟೆಲ್ ಅಯ್ಯನವರ ಚರಿತ್ರೆಯನ್ನು ನಾವು ಸಂಕ್ಷೇಪವಾಗಿ ಬರೆಯುತ್ತೇವೆ. ಅವರ ಕನ್ನಡ ನಿಘಂಟಿನ ಹೆಸರನ್ನು ಕೇಳಿದವರು ಅನೇಕರು. ಆದರೆ ಆ ಪಂಡಿತರು ನಮ್ಮ ನಾಡಿಗೆ ಮೊದಲು ಕನ್ನಡದ ಒಂದು ಮಾತನ್ನೂ ಸರಿಯಾಗಿ ಆಡಲರಿಯದ ಪರದೇಶಿಯಾಗಿ ಬಂದರೆಂಬದನ್ನು ನೆನಸುವವರು ಕೆಲವರೇ.

ಕಿಟ್ಟೆಲ್ ಅಯ್ಯನವರು 1832ನೇ ಇಸವಿ ಏಪ್ರಿಲ್ 7ರಂದು ಜರ್ಮನಿ ದೇಶದ ವಾಯವ್ಯದಲ್ಲಿ ಸಮುದ್ರಕ್ಕೆ ಹತ್ತಿರವಾದ ರೆಸ್ಟರ್‌ಹಾಫೆ ಎಂಬ ಊರಲ್ಲಿ ಹುಟ್ಟಿದರು. ಅವರ ತಂದೆ ಸಭಾಪಾಲಕರಾಗಿದ್ದರು. ಯೌವನದಲ್ಲಿಯೇ ಸುವಾರ್ತಾಸೇವೆಗೆ ತಮ್ಮನ್ನು ಒಪ್ಪಿಸಿಕೊಟ್ಟು, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸೆಮಿನರಿಯಲ್ಲಿ ಕಲಿತು, 1853ರಲ್ಲಿ ಇಪ್ಪತ್ತೊಂದು ವರುಷದವರಾಗಿ ಕನ್ನಡ ನಾಡಿಗೆ ಬಂದು ಸೇರಿದರು. ಅವರ ಮೊದಲಿನ ಸೇವೆಯು ಧಾರವಾಡದ ಸೀಮೆಯಲ್ಲಿ ನಡೆಯಿತು.

ಆಗ ಪರದೇಶದವನು ಕನ್ನಡವನ್ನು ಕಲಿಯುವದಕ್ಕೆ ಇದ್ದ ಸಾಧನಗಳು ಎಷ್ಟೆಂದು ಕೇಳಿದರೆ, ಬಹು ಕೊಂಚವೆಂದು ಹೇಳಬೇಕು. 1810ರಲ್ಲಿ ಜಾನ್ ಹ್ಯಾಂಡ್ಸ್ ಅಯ್ಯನವರು ಬಳ್ಳಾರಿಗೆ ಬಂದಾಗ ಅವರ ಕೈಗೆ ಅಚ್ಚಾದ ವ್ಯಾಕರಣವೂ ಇರಲಿಲ್ಲ, ನಿಘಂಟೂ ಇರಲಿಲ್ಲ. ಆದರೂ ಅವರು ಕಲಿತು ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸಕ್ಕೆ ಕೈಹಾಕಿದರು. ತರುವಾಯ 1817ರಲ್ಲಿ ಸೆರಾಂಪುರದ ಕೇರಿಯವರ ವ್ಯಾಕರಣವೂ 1832ರಲ್ಲಿ ರೀವ್ ಅಯ್ಯನವರ ನಿಘಂಟೂ ಹೊರಟವು. ಬಾಸೆಲ್ ಮಿಶನಿನ ಮೋಗ್ಲಿಂಗ್ ಅಯ್ಯನವರು ಮಂಗಳೂರಿನ ಕಲ್ಲಚ್ಚಿನಲ್ಲಿ ಕೆಲವು ಹಳೆಯ ಕಾವ್ಯಗಳನ್ನು ಮುದ್ರಿಸಿದ್ದರು. ಹಳಗನ್ನಡದ ಮಿಕ್ಕ ಗ್ರಂಥಗಳಲ್ಲಿ ಬಹುಭಾಗವು ಮಠಗಳಲ್ಲಿಯೂ ಬಸದಿಗಳಲ್ಲಿಯೂ ಪಂಡಿತರ ಮನೆಗಳಲ್ಲಿಯೂ ಓಲೆಗರಿಗಳಾಗಿ ಕಟ್ಟಿಟ್ಟಿದ್ದವು.

ಕಿವಿಗೂ ನಾಲಿಗೆಗೂ ಆದ ಕಷ್ಟವು ಇನ್ನೂ ಹೆಚ್ಚು. ಜರ್ಮನಿಯವರ ನಾಲಿಗೆಗೆ ಳಕಾರ ಣಕಾರಗಳ ಅಭ್ಯಾಸವಿಲ್ಲ. ಉಪದೇಶಿಯು ಹಳ್ಳಿ ಎನ್ನುವದಕ್ಕೆ ಹಲ್ಲಿ ಎಂದರೆ ಕೇಳುವವರು ನಗುವರೇ ಹೊರತು ಸುವಾರ್ತೆಗೆ ಕಿವಿಗೊಡರು. ಇಂಥದನ್ನು ಪುಸ್ತಕವು ತಿದ್ದಲಾರದು. ಮನುಷ್ಯನೇ ಮನುಷ್ಯನನ್ನು ತಿದ್ದಬೇಕು. ಆದಕಾರಣ ಕಿಟ್ಟೆಲ್ ಅಯ್ಯನವರು ಕಾಲ್ನಡೆಯಾಗಿ ಹಳ್ಳಿಗಳಿಗೆ ಹೋಗಿ ಜನರ ನಡುವೆ ಕೂತು ಅವರ ಮಾತನ್ನು ಕೇಳಿದರು. ಉಪದೇಶಮಾಡುವದಕ್ಕೆ ಬಂದವರು ಮೊದಲು ಉಪದೇಶ ಹೊಂದುವವರಾದರು. ಪೌಲನು ಯೆಹೂದ್ಯರಿಗೆ ಯೆಹೂದ್ಯನಂತೆ ಆದ ಪ್ರಕಾರ, ತಾವು ಕನ್ನಡಿಗರಿಗೆ ಕನ್ನಡಿಗರಾಗಬೇಕೆಂಬದೇ ಅವರ ಮನಸ್ಸಾಗಿತ್ತು. 1862ರಲ್ಲಿ ಅವರು ಕಥಾಮಾಲೆ ಎಂಬ ಹೆಸರಿನಿಂದ ಕರ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿಯೇ ಪದ್ಯರೂಪವಾಗಿ ಪ್ರಕಟಿಸಿದರು. ಬಂದು ಒಂಬತ್ತು ವರುಷಗಳೊಳಗೆ ಇಷ್ಟಾಯಿತು.

ಆದರೆ ಅವರ ದಾರಿಯು ಸುಗಮವಾಗಿರಲಿಲ್ಲ. ಅವರ ಉಪದೇಶದಿಂದ ದೀಕ್ಷಾಸ್ನಾನ ಹೊಂದಿದವರು ಕೊಂಚಮಂದಿಯೇ. ಮಿಶನರಿಯು ಆತ್ಮಗಳನ್ನು ಸಂಪಾದಿಸುವದು ಬಿಟ್ಟು ಓಲೆಗರಿಗಳನ್ನು ನೋಡುತ್ತಾ ಕೂಡ್ರುವದು ತರವೋ ಎಂದು ಜೊತೆಕೆಲಸದವರಲ್ಲಿ ಕೆಲವರು ಸಂಶಯಪಟ್ಟರು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಲಾಗದು. ಸೇವಕನಾದವನು ತನ್ನ ಕಾಲವನ್ನು ಯಾವದರಲ್ಲಿ ಕಳೆಯಬೇಕೆಂಬದು ದೇವರ ಮುಂದೆ ಲೆಕ್ಕ ಕೊಡಬೇಕಾದ ವಿಷಯವು. ಕಿಟ್ಟೆಲ್ ಅಯ್ಯನವರಾದರೋ, ಒಂದು ಜನದ ಮಾತನ್ನೂ ಅದರ ಹಿರಿಯರ ವಿಚಾರಗಳನ್ನೂ ಅರಿಯದವನು ಆ ಜನದ ಹೃದಯಕ್ಕೆ ಹೇಗೆ ಮಾತಾಡಾನು ಎಂಬ ನಿಶ್ಚಯದಿಂದ ಹಿಂಜರಿಯಲಿಲ್ಲ. ಮನೆಯಲ್ಲಿಯೂ ದುಃಖವು ಬಂತು. 1860ರಲ್ಲಿ ಮದುವೆಯಾದ ಪೌಲೀನಮ್ಮನವರು 1864ರಲ್ಲಿಯೇ ತೀರಿಹೋದರು. ತರುವಾಯ 1867ರಲ್ಲಿ ಆಕೆಯ ಸಹೋದರಿ ಯೂಲಿಯವರನ್ನು ಅವರು ಮದುವೆಯಾದರು.

ಅವರ ತಾಳ್ಮೆಯ ಫಲವು ಒಂದೊಂದಾಗಿ ಕಾಣಬಂತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವೆಂಬ ಹಳೆಯ ವ್ಯಾಕರಣವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಪರಿಶೋಧಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1877ರಲ್ಲಿ ಸ್ವದೇಶಕ್ಕೆ ಹೋದವರು, ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮರಳಿ ಬಂದು 1892ರ ವರೆಗೂ ದುಡಿದರು. ಈ ನಾಡಿನ ಪಂಡಿತರು ಅವರಿಗೆ ಸಹಾಯಕರಾಗಿದ್ದರು. ಕಡೆಗೆ 1894ರಲ್ಲಿ ಸುಮಾರು 70,000 ಶಬ್ದಗಳುಳ್ಳ, 1,700ಕ್ಕಿಂತ ಹೆಚ್ಚು ಪುಟಗಳ ಆ ಮಹಾನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿತ್ತು.

ಆ ಪುಸ್ತಕವನ್ನು ತೆರೆದು ನೋಡುವವರಿಗೆ ಒಂದು ವಿಶೇಷವು ತೋರುತ್ತದೆ. ಅಲ್ಲಿ ಕಾವ್ಯಗಳ ಶಬ್ದಗಳ ಪಕ್ಕದಲ್ಲಿಯೇ ಹೊಲಮನೆಗಳ ಮಾತುಗಳೂ ಗಾದೆಗಳೂ ಇವೆ. ಇದು ಮೈಸೂರು ಸೀಮೆಯ ಮಾತು, ಇದು ಧಾರವಾಡದ ಕಡೆಯ ಮಾತು ಎಂದು ಗುರುತುಗಳನ್ನೂ ಹಾಕಿದ್ದಾರೆ; ತಮಿಳು, ತೆಲುಗು, ತುಳು ಮೊದಲಾದ ಅಕ್ಕತಂಗಿಯರಾದ ಭಾಷೆಗಳೊಡನೆ ಹೋಲಿಸಿದ್ದಾರೆ. ಮಾಗಡಿ ಕನಕಪುರಗಳು ಆಗ ಮೈಸೂರು ರಾಜ್ಯಕ್ಕೆ ಸೇರಿದ್ದವು. ನಮ್ಮ ಅಜ್ಜಅಜ್ಜಿಯರಂಥವರು ಆಡುತ್ತಿದ್ದ ಮಾತನ್ನು ಪಂಡಿತರು ಕೀಳೆಂದು ತಳ್ಳಿದ ಕಾಲದಲ್ಲಿ, ಅದನ್ನು ಪರದೇಶದವರೊಬ್ಬರು ಬರೆದಿಟ್ಟುಕೊಳ್ಳತಕ್ಕ ಧನವೆಂದು ಎಣಿಸಿದರು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟರು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರುಷ ದಶಂಬರ 18ರಂದು ಅವರು ಟ್ಯೂಬಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರ ದೇಹವು ಅಲ್ಲಿ ಉಳಿಯಿತು. ಹೆಸರು ಇಲ್ಲಿ ಉಳಿಯಿತು. ಬೆಂಗಳೂರಿನಲ್ಲಿ ಅವರ ಪ್ರತಿಮೆಯೂ ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೂ ಉಂಟು. ಸಂಶಯಪಟ್ಟವರ ಲೆಕ್ಕದಲ್ಲಿ ಬಾರದ ಫಲವು, ಅವರು ಸತ್ತ ಮೇಲೆ ಕನ್ನಡ ಕಲಿತ ಸಕಲರ ಮನೆಗೂ ಬಂತು.

ಪ್ರಿಯರೇ, ಇದರಿಂದ ನಾವು ಕಲಿಯತಕ್ಕದ್ದೇನು? ಸಾಧನ ಕಡಿಮೆಯಾದರೆ ಕಲಿಯುವದು ತಡವಾದೀತು. ನಾಚಿಕೆ ಹೆಚ್ಚಾದರೆ ಕಲಿಯುವದೇ ಆಗದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ನಮ್ಮ ರೈತರು ಅಲ್ಲಿಯ ಉರ್ದು ಮಾತನ್ನು ಯಾವ ಶಾಲೆಯಲ್ಲಿ ಕಲಿತರು? ಕನಕಪುರದ ಗಡಿಯ ಹಳ್ಳಿಯವರು ತಮಿಳನ್ನು ಯಾವ ಪುಸ್ತಕದಿಂದ ಕಲಿತರು? ಕೇಳಿ, ಆಡಿ, ತಪ್ಪಿ, ತಿದ್ದಿಸಿಕೊಂಡು ಕಲಿತರು. ಇಂಗ್ಲಿಷಿಗೂ ಇದೇ ದಾರಿಯು. ಬಡವರ ಮನೆಯಲ್ಲಿಯೂ ಕನ್ನಡ ಸತ್ಯವೇದವಿರುತ್ತದೆ. ಚೆನ್ನಾಗಿ ತಿಳಿದಿರುವ ಒಂದು ಸುವಾರ್ತೆಯನ್ನು ಆರಿಸಿಕೊಂಡು, ಇಂಗ್ಲಿಷ್ ಸತ್ಯವೇದದ ಅದೇ ಅಧ್ಯಾಯವನ್ನು ಪಕ್ಕದಲ್ಲಿಟ್ಟು, ದಿನಕ್ಕೆ ನಾಲ್ಕೈದು ವಚನಗಳಂತೆ ಹೋಲಿಸಿ ಗಟ್ಟಿಯಾಗಿ ಓದಿದರೆ, ಅರ್ಥವು ಮೊದಲೇ ತಿಳಿದಿರುವದರಿಂದ ಶಬ್ದಗಳು ತಾವಾಗಿಯೇ ಗುರುತಾಗುವವು. ಹೊಸ ಮಾತುಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ಉಚ್ಚಾರಣೆಯನ್ನು ಬಲ್ಲವರಿಂದ ಕೇಳಿ ತಿದ್ದಿಕೊಳ್ಳಿರಿ, ಅವರು ನಿಮಗಿಂತ ಕಿರಿಯರಾದರೂ ಸರಿಯೇ.

ಹಿರಿಯರಿಗೂ ಒಂದು ಮಾತು. ಕಲಿಯುವ ಮಗುವು ತಪ್ಪಾಡಿದಾಗ ನಗಬೇಡಿರಿ. ಕನ್ನಡವನ್ನು ತೊದಲುತ್ತಾ ಆರಂಭಿಸಿದ ಪರದೇಶಿಗೆ ನಮ್ಮ ನಾಡಿನ ಹಳ್ಳಿಯವರು ತಾಳ್ಮೆಯಿಂದ ಕಲಿಸಿದ್ದರಿಂದಲೇ ಆ ನಿಘಂಟಾಯಿತು. ಪಂಚಾಶತ್ತಮ ದಿನದಲ್ಲಿ ಪ್ರತಿಯೊಬ್ಬನಿಗೂ ಅವನವನ ಭಾಷೆಯಲ್ಲಿ ತನ್ನ ಮಹತ್ತುಗಳನ್ನು ಕೇಳಿಸಿದ ದೇವರು ಯಾವ ಭಾಷೆಯನ್ನೂ ಹೀನವೆಂದೆಣಿಸಲಿಲ್ಲ. ಆತನು ನಮ್ಮ ಮಕ್ಕಳಿಗೆ ಕಲಿಯುವ ಕಿವಿಯನ್ನೂ ನಮಗೆ ಕಲಿಸುವ ತಾಳ್ಮೆಯನ್ನೂ ದಯಪಾಲಿಸಲಿ.