ಕಿರಿಯರಾಗಿ ಹಿರಿಯರಾದ ಸಂತ ಫ್ರಾನ್ಸಿಸ್

ಒಂದು ಸಂಘವನ್ನು ಕಟ್ಟುವುದು ಕಷ್ಟ. ಕಟ್ಟಿದವರೇ ಅದರ ಮುಖ್ಯಸ್ಥಾನವನ್ನು ಬಿಟ್ಟುಕೊಟ್ಟು, ಅಲ್ಲಿಯೇ ಸಾಮಾನ್ಯ ಸದಸ್ಯರಾಗಿ ಬಾಳುವುದು ಇನ್ನೂ ಕಷ್ಟ. ಈ ಕಷ್ಟವನ್ನು ಮನಸಾರೆ ಒಪ್ಪಿಕೊಂಡವರು ಇಟಲಿಯ ಅಸ್ಸಿಸಿ ಪಟ್ಟಣದ ಸಂತ ಫ್ರಾನ್ಸಿಸರು.

ಅವರು ಜನಿಸಿದ್ದು ಸುಮಾರು 1181ರಲ್ಲಿ. ತಂದೆ ಪಿಯೆತ್ರೊ ಬೆರ್ನಾರ್ದೋನೆ ಸಿರಿವಂತ ಬಟ್ಟೆ ವ್ಯಾಪಾರಿ. ಒಳ್ಳೆಯ ಉಡುಪು, ಗೆಳೆಯರ ಕೂಟ, ಹಾಡು, ಔತಣಗಳಲ್ಲಿ ಫ್ರಾನ್ಸಿಸರ ತಾರುಣ್ಯ ಕಳೆಯಿತು. ವೀರಯೋಧನಾಗುವ ಹಂಬಲದಿಂದ ನೆರೆಯ ಪೆರೂಜಾ ನಗರದ ಮೇಲಿನ ಕಾಳಗಕ್ಕೆ ಹೋಗಿ ಸೆರೆಸಿಕ್ಕರು. ಸೆರೆವಾಸ ಮತ್ತು ಕಾಯಿಲೆಗಳ ನಂತರ ಅವರ ಮನಸ್ಸು ತಿರುಗಿತು. ಮೊದಲು ಕಂಡರೆ ಮುಖ ತಿರುಗಿಸುತ್ತಿದ್ದ ಕುಷ್ಠರೋಗಿಗಳ ನಡುವೆಯೇ ಸೇವೆಗೆ ನಿಂತರು. ಮಗನ ದಾನಧರ್ಮದಿಂದ ಕೆರಳಿದ ತಂದೆ ಬಿಷಪ್ಪರಲ್ಲಿ ದೂರಿತ್ತಾಗ, ತೊಟ್ಟ ಬಟ್ಟೆಯನ್ನೂ ಕಳಚಿ ತಂದೆಗೊಪ್ಪಿಸಿ ಮನೆಯಿಂದ ಹೊರನಡೆದರು.

ಕ್ರಮೇಣ ಸಂಗಾತಿಗಳು ಬಂದು ಸೇರಿದರು. 1209ರಲ್ಲಿ ಪೋಪ್ ಮೂರನೆಯ ಇನ್ನೊಸೆಂಟರು ಈ ಚಿಕ್ಕ ಬಳಗಕ್ಕೆ ಬಾಯಿಮಾತಿನ ಒಪ್ಪಿಗೆಯಿತ್ತರು. ಬಳಗದ ಹೆಸರೇ ಕಿರಿಯ ಸೋದರರು. ಮೇಲ್ವಿಚಾರಕರಿಗೆ ಒಡೆಯನೆಂಬ ಅರ್ಥದ ಪದವಿಯಿಲ್ಲ. ಸೇವಕನೆಂಬ ಅರ್ಥದ ‘ಮಿನಿಸ್ಟರ್’ ಎಂಬ ಲ್ಯಾಟಿನ್ ಪದವೇ ಅವರಿಗೆ ಸಂದಿತು. ಸೋದರರು ಕೈಯಾರೆ ದುಡಿಯಬೇಕು, ಸಾಲದಿದ್ದರೆ ಭಿಕ್ಷೆ ಬೇಡಬೇಕು, ಹಣವನ್ನು ಮಾತ್ರ ಮುಟ್ಟಬಾರದು. ದಿನವಿಡೀ ಹಣ ಎಣಿಸುವ ನಮ್ಮಂಥವರಿಗೆ ಈ ನಿಯಮ ಬೆರಗು ಹುಟ್ಟಿಸದಿರದು.

ಆದರೆ ಫ್ರಾನ್ಸಿಸರಿಗೆ ನಿಯಮಕ್ಕಿಂತ ಸೋದರನು ದೊಡ್ಡವನು. ಕಠಿಣ ಉಪವಾಸದ ಒಂದು ರಾತ್ರಿ ಸೋದರನೊಬ್ಬನು ಹಸಿವಿನಿಂದ ಕೂಗಿಕೊಂಡನಂತೆ. ಫ್ರಾನ್ಸಿಸರು ಎದ್ದು ಊಟ ಬಡಿಸಿ, ಅವನಿಗೆ ನಾಚಿಕೆಯಾಗದಿರಲೆಂದು ತಾವೂ ಅವನೊಡನೆ ಉಂಡರೆಂದು ಹಳೆಯ ಚರಿತ್ರೆಗಳು ತಿಳಿಸುತ್ತವೆ. ತಮ್ಮ ವ್ರತ ಮುರಿದರೂ ಸರಿಯೆ, ಇನ್ನೊಬ್ಬನ ಮಾನ ಉಳಿಯಬೇಕು. ಅವರ ವಿನಯದ ತಿರುಳು ಇದೇ.

ಹತ್ತು ವರ್ಷಗಳಲ್ಲಿ ಬಳಗ ಸಾವಿರಾರು ಜನರ ಸಂಸ್ಥೆಯಾಯಿತು. 1219ರಲ್ಲಿ ಅವರು ಈಜಿಪ್ಟಿಗೆ ತೆರಳಿದ್ದಾಗ ಇಲ್ಲಿ ಭಿನ್ನಾಭಿಪ್ರಾಯಗಳು ತಲೆಯೆತ್ತಿದವು. ಮರಳಿ ಬಂದ ಸ್ಥಾಪಕರು ಅಧಿಕಾರವನ್ನು ಬಿಗಿಹಿಡಿಯಬಹುದಿತ್ತು. ಹಾಗೆ ಮಾಡದೆ 1220ರಲ್ಲಿ ಮುಖ್ಯಸ್ಥಾನವನ್ನು ಪೀಟರ್ ಕತಾನಿಯವರಿಗೆ ಒಪ್ಪಿಸಿ, ಅವರಿಗೆ ವಿಧೇಯರಾಗಿರುವುದಾಗಿ ಎಲ್ಲರೆದುರು ಮಾತು ಕೊಟ್ಟರು. ಸಂಸ್ಥೆಯನ್ನು ತೊರೆದು ಹೋಗಲಿಲ್ಲ. ದೂರ ನಿಂತು ಉದಾಸೀನರೂ ಆಗಲಿಲ್ಲ. ನಿಯಮಾವಳಿಯನ್ನು ಬರೆಯಲು ಶ್ರಮಿಸಿದರು. 1223ರಲ್ಲಿ ಅದಕ್ಕೆ ಪೋಪರ ಒಪ್ಪಿಗೆ ದೊರೆಯಿತು. ತಾವು ಬಯಸಿದ ಬಡತನದ ಹಾದಿಯನ್ನು ಕೆಲವರು ಸಡಿಲಿಸುತ್ತಿದ್ದುದು ಅವರಿಗೆ ನೋವು ತಂದಿತು. ಆದರೂ ಬಿಟ್ಟುಕೊಟ್ಟ ಸ್ಥಾನವನ್ನು ಮತ್ತೆ ಕೇಳಲಿಲ್ಲ.

ಕಣ್ಣು ಮಂಜಾಗಿ, ದೇಹ ಸೊರಗಿ, 1226ರ ಅಕ್ಟೋಬರ್ 3ರಂದು ಅಸ್ಸಿಸಿಯ ಬಳಿ ಅವರು ತೀರಿಕೊಂಡರು. ಕೊನೆಗಾಲದಲ್ಲಿ ಬರಿಯ ನೆಲದ ಮೇಲೆ ಮಲಗಿಸಬೇಕೆಂದು ಕೇಳಿಕೊಂಡಿದ್ದರು. ಎರಡೇ ವರ್ಷಗಳಲ್ಲಿ ಚರ್ಚು ಅವರನ್ನು ಸಂತರೆಂದು ಘೋಷಿಸಿತು.

ಫ್ರಾನ್ಸಿಸರ ಹೆಸರಿನೊಡನೆ ಹಕ್ಕಿಗಳ ಕಥೆ, ಪವಾಡಗಳ ಕಥೆ ಅನೇಕ ಬೆಳೆದಿವೆ. ಸಂಘಸಂಸ್ಥೆಗಳಲ್ಲಿ ಕುರ್ಚಿಯ ಸೆಳೆತವನ್ನು ಹತ್ತಿರದಿಂದ ಬಲ್ಲ ನಮಗೆ, ತಾವೇ ಕಟ್ಟಿದ ಬಳಗದಲ್ಲಿ ಅವರು ಕಿರಿಯರಾಗಿ ಕುಳಿತ ಆ ಆರು ವರ್ಷಗಳೇ ಎಲ್ಲಕ್ಕಿಂತ ದೊಡ್ಡ ಪವಾಡವಾಗಿ ತೋರುತ್ತವೆ.