ಹಳ್ಳಿಯ ಲೆಕ್ಕ ಬರೆದ ಜೆ.ಸಿ. ಕುಮಾರಪ್ಪ

ಈ ಸಲದ ಗೋಡೆ ಪತ್ರಿಕೆಗೆ ನಾನು ಜೆ.ಸಿ. ಕುಮಾರಪ್ಪನವರ ಜೀವನ ಚರಿತ್ರೆ ಬರೆದಿದ್ದೇನೆ. ಹೆಸರು ಕೇಳಿದ್ರೆ ನಮ್ಮ ಬಳ್ಳಾರಿ ಕಡೆಯವರೇ ಇರಬೇಕು ಅನ್ನಿಸ್ತದೆ. ಆದರೆ ಅವರು ತಮಿಳುನಾಡಿನವರು. ಅವರು ಜೀವನ ಸವೆಸಿದ್ದು ಮಾತ್ರ ನಮಗೆಲ್ಲ ಗೊತ್ತಿರುವ ಒರಳು, ಒನಕೆ, ಗಾಣ, ಬೆಲ್ಲ, ತಿಪ್ಪೆಗೊಬ್ಬರ ಇವುಗಳಿಗಾಗಿ.

ಕುಮಾರಪ್ಪನವರು ಹುಟ್ಟಿದ್ದು 1892ರ ಜನವರಿ 4ರಂದು, ತಂಜಾವೂರಿನಲ್ಲಿ. ಅವರದು ಓದು ಬರಹ ಬಲ್ಲ ಕ್ರೈಸ್ತ ಮನೆತನ. ಆಗ ಅವರ ಹೆಸರು ಜೋಸೆಫ್ ಚೆಲ್ಲದೊರೈ ಕಾರ್ನೇಲಿಯಸ್. ಕುಮಾರಪ್ಪ ಎಂಬ ಮನೆತನದ ಹಳೆಯ ಹೆಸರನ್ನು ಅವರು ಇಟ್ಟುಕೊಂಡದ್ದು ಮುಂದೆ. ಲಂಡನ್ನಿಗೆ ಹೋಗಿ ಲೆಕ್ಕಪತ್ರ ತಪಾಸಣೆಯ ವಿದ್ಯೆ ಕಲಿತರು. ಬಂದು ಬೊಂಬಾಯಿಯಲ್ಲಿ ಆಫೀಸು ತೆರೆದರು. ಸೂಟು ಬೂಟು, ಒಳ್ಳೆ ಸಂಪಾದನೆ, ಯಾವುದಕ್ಕೂ ಕಡಿಮೆ ಇರಲಿಲ್ಲ.

ಆಮೇಲೆ ಅಮೆರಿಕಕ್ಕೆ ಹೋಗಿ ಸಿರಾಕ್ಯೂಸ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಓದಿದರು. ಅಲ್ಲಿ ಅವರು ಹಿಡಿದ ವಿಷಯ, ಭಾರತ ಯಾಕೆ ಬಡದೇಶವಾಯಿತು ಎಂಬುದು. ಬ್ರಿಟಿಷ್ ಸರ್ಕಾರದ ಜಮಾ ಖರ್ಚನ್ನು ಬಿಡಿಸಿ ನೋಡಿದಾಗ, ರೈತರ ಕಂದಾಯದ ಹಣ ರೈತರಿಗೆ ವಾಪಸು ಬರುತ್ತಿಲ್ಲ ಅನ್ನೋದು ಅವರಿಗೆ ಗೊತ್ತಾಯಿತು. ಅಲ್ಲಿಂದಲೇ ಅವರ ಮನಸ್ಸು ಬದಲಾಯಿತು.

1929ರ ಮೇ 9ರಂದು ತಮ್ಮ ಬರಹ ಹಿಡಿದುಕೊಂಡು ಸಾಬರಮತಿ ಆಶ್ರಮಕ್ಕೆ ಹೋದರು. ಮರದ ಕೆಳಗೆ, ಸಗಣಿ ಸಾರಿಸಿದ ನೆಲದ ಮೇಲೆ ಒಬ್ಬ ಮುದುಕರು ನೂಲುತ್ತಾ ಕೂತಿದ್ದರು. ಅವರೇ ಗಾಂಧೀಜಿ ಅಂತ ತಿಳಿದಾಗ ಕುಮಾರಪ್ಪನವರು ಸೂಟಿನಲ್ಲೇ ನೆಲದ ಮೇಲೆ ಕುಳಿತರು. ಗಾಂಧೀಜಿ ಅವರಿಗೆ ಗುಜರಾತಿನ ಮಾತರ್ ತಾಲ್ಲೂಕಿನ ಹಳ್ಳಿಗಳ ಸಮೀಕ್ಷೆ ಮಾಡಲು ಹೇಳಿದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ, ಏನು ಬೆಳೀತೀರಿ, ಏನು ಉಣ್ತೀರಿ, ಸಾಲ ಎಷ್ಟು ಅಂತ ಕೇಳಿ ಬರೆದುಕೊಂಡರು. ಗೆಳೆಯರೇ, ಆ ಕೆಲಸ ಮಾಡಿದವರು ವಿದ್ಯಾರ್ಥಿಗಳು ಎಂಬುದನ್ನು ನಾವು ನೆನಪಿಡಬೇಕು.

1934ರ ಜನವರಿಯಲ್ಲಿ ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಪರಿಹಾರ ನಿಧಿಯ ಲೆಕ್ಕ ಕುಮಾರಪ್ಪನವರ ಕೈಗೆ ಬಂತು. ಸ್ವಯಂಸೇವಕರ ಊಟಕ್ಕೆ ದಿನಕ್ಕೆ ಇಂತಿಷ್ಟೇ ಆಣೆ ಅಂತ ಕಟ್ಟು ಮಾಡಿದರು. ಗಾಂಧೀಜಿ ಮತ್ತು ಅವರ ಸಂಗಡಿಗರು ಬಂದಾಗ ಅವರ ಖರ್ಚು ಅದಕ್ಕಿಂತ ಹೆಚ್ಚಾಯಿತು. ನಿಧಿಯಿಂದ ಅದನ್ನು ಕೊಡಲು ಬರುವುದಿಲ್ಲ ಅಂದುಬಿಟ್ಟರು! ಗಾಂಧೀಜಿ ಸಿಟ್ಟು ಮಾಡಿಕೊಳ್ಳಲಿಲ್ಲ. ಜನರ ದುಡ್ಡಿನಿಂದ ನಡೆಯುವ ಸಂಸ್ಥೆ ಹೇಗಿರಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು. ಕುಮಾರಪ್ಪನವರು ಕಾರ್ಯದರ್ಶಿಯಾದರು. ಜಮನಾಲಾಲ್ ಬಜಾಜರು ಕೊಟ್ಟ ತೋಟವೇ ಮಗನವಾಡಿ. ಈ ಸಂಘ ಲಾಭಕ್ಕಾಗಿ ಹುಟ್ಟಿದ್ದಲ್ಲ. ಕೈಯಲ್ಲಿ ಕುಟ್ಟಿದ ಅಕ್ಕಿ, ಬೀಸಿದ ಹಿಟ್ಟು, ಗಾಣದ ಎಣ್ಣೆ, ಬೆಲ್ಲ, ಜೇನು, ಕೈಕಾಗದ ಇವುಗಳನ್ನು ಚೆನ್ನಾಗಿ ಮಾಡುವುದು ಹೇಗೆ ಅಂತ ಹಳ್ಳಿಯವರಿಗೆ ಕಲಿಸುವುದು ಅದರ ಕೆಲಸ. ಹಳೆ ಗಾಣವನ್ನು ತಿದ್ದಿ ಹೊಸದು ಮಾಡಿದರು. ಅದು ವಾರ್ಧಾ ಗಾಣ ಎಂದು ಹೆಸರಾಯಿತು.

ಇಲ್ಲಿ ಅವರ ಲೆಕ್ಕ ನೋಡಿ. ಭತ್ತ ಮಿಲ್ಲಿಗೆ ಹೋಗಿ ಬೆಳ್ಳಗಾಗಿ ಬಂದರೆ ಮೂರು ನಷ್ಟ. ಮೊದಲನೆಯದು, ಅಕ್ಕಿಯ ಮೇಲಿನ ಕೆಂಪು ಪದರ ಹೋಗುತ್ತದೆ. ಅದರಲ್ಲೇ ಬಿ1 ಜೀವಸತ್ವ ಇರೋದು. ಜಾವಾದಲ್ಲಿ ಐಕ್ಮನ್ ಎಂಬ ವೈದ್ಯರು, ಪಾಲಿಶ್ ಅಕ್ಕಿ ತಿಂದ ಕೋಳಿಗಳಿಗೆ ಕಾಲು ಸೋಲುವ ರೋಗ ಬಂದು, ಪಾಲಿಶ್ ಮಾಡದ ಅಕ್ಕಿ ಕೊಟ್ಟಾಗ ವಾಸಿಯಾದದ್ದನ್ನು ಕಂಡಿದ್ದರು. ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಎರಡನೆಯದು, ತೌಡು ಊರು ಬಿಟ್ಟು ಹೋಗುತ್ತದೆ, ದನಕ್ಕೆ ಸಿಗೋದಿಲ್ಲ. ಮೂರನೆಯದು, ಕುಟ್ಟುವವರ ಕೂಲಿ ಹೋಗುತ್ತದೆ. ಎಣ್ಣೆಯದೂ ಇದೇ ಕಥೆ. ಗಾಣ ಊರಲ್ಲಿದ್ರೆ ಹಿಂಡಿ ದನಕ್ಕೆ, ಸಗಣಿ ಹೊಲಕ್ಕೆ, ಕೂಲಿ ಗಾಣಿಗರಿಗೆ.

ಸಗಣಿಯನ್ನು ಸುಡದೆ ಕಸಕಡ್ಡಿ ಜೊತೆ ಕೊಳೆಸಿ ಗೊಬ್ಬರ ಮಾಡಿ ಎಂದೂ ಸಂಘ ಹೇಳುತ್ತಿತ್ತು. ನಮ್ಮ ಕುಡತಿನಿಯ ಬೂದಿದಿಬ್ಬ ಎಲ್ಲರಿಗೂ ಗೊತ್ತು. ಅದು ಸಾವಿರಾರು ವರ್ಷದ ಹಿಂದೆ ದನ ಸಾಕುತ್ತಿದ್ದವರು ಸಗಣಿ ರಾಶಿ ಹಾಕಿ ಸುಟ್ಟದ್ದು ಅಂತ ಪ್ರಾಚ್ಯ ಸಂಶೋಧಕರು ಹೇಳುತ್ತಾರೆ. ಅದನ್ನು ನೋಡಿದಾಗ ನನಗೆ ಕುಮಾರಪ್ಪನವರ ಮಾತು ನೆನಪಾಗ್ತದೆ.

ಇದನ್ನೆಲ್ಲ ನಮ್ಮಜ್ಜಿಗೆ ಓದಿ ಹೇಳಿದೆ. ಒನಕೆ ಹಿಡಿದವರಿಗೆ ಗೊತ್ತು ರಟ್ಟೆ ನೋವು ಎಷ್ಟು ಅಂತ, ಮಿಲ್ಲು ಬಂದದ್ದೇ ಚಲೋ ಆತು ಅಂದಳು. ಅಜ್ಜಿಯ ಮಾತೂ ಖರೆ. ಕುಮಾರಪ್ಪನವರೂ ಯಂತ್ರವೇ ಬೇಡ ಅನ್ನಲಿಲ್ಲ. ಸಲಕರಣೆ ಸುಧಾರಿಸಲಿ, ಆದರೆ ಅದು ದುಡಿಯುವವರ ಕೈಯಲ್ಲೇ ಇರಲಿ, ಅನ್ನದ ಸತ್ವ ಕಳೆಯದಿರಲಿ ಎಂಬುದು ಅವರ ವಿಚಾರ.

ಸ್ವಾತಂತ್ರ್ಯ ಹೋರಾಟದಲ್ಲಿ ಅವರು ಹಲವು ಸಲ ಜೈಲಿಗೆ ಹೋದರು. ಜೈಲಿನಲ್ಲೇ ಶಾಶ್ವತ ಅರ್ಥವ್ಯವಸ್ಥೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ತೋಟಕ್ಕೆ ನುಗ್ಗಿ ಹಣ್ಣು ತಿಂದು ಹೋಗುವ ಮಂಗ ಒಂದು ಬಗೆ, ಇಡೀ ಗೂಡಿಗಾಗಿ ದುಡಿಯುವ ಜೇನುಹುಳ ಇನ್ನೊಂದು ಬಗೆ, ಏನೂ ಬಯಸದ ತಾಯಿ ಎಲ್ಲಕ್ಕಿಂತ ಮೇಲು ಎಂದು ಅದರಲ್ಲಿ ವಿವರಿಸಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ಸಿನ ಭೂ ಸುಧಾರಣಾ ಸಮಿತಿಯ ಅಧ್ಯಕ್ಷರಾಗಿದ್ದರು. ಕೊನೆಗೆ ಮದುರೆ ಸಮೀಪದ ಕಲ್ಲುಪಟ್ಟಿಯ ಗಾಂಧಿ ನಿಕೇತನದಲ್ಲಿ ಸರಳವಾಗಿ ಬದುಕಿ, 1960ರ ಜನವರಿ 30ರಂದು ತೀರಿಕೊಂಡರು. ಅದು ಗಾಂಧೀಜಿಯವರೂ ನಮ್ಮನ್ನಗಲಿದ ದಿನ.

ಅವರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1957ರಲ್ಲಿ ಸರ್ಕಾರ ಖಾದಿ ಗ್ರಾಮೋದ್ಯೋಗ ಆಯೋಗ ಮಾಡಿತು. ನಮ್ಮ ನೆರೆಯ ಆಂಧ್ರದ ಚೆನ್ನೇಕೊತ್ತಪಲ್ಲಿ ಹತ್ತಿರ ಟಿಂಬಕ್ಟು ಕಲೆಕ್ಟಿವ್ ಎಂಬ ಸಂಸ್ಥೆ 1990ರಿಂದ ದುಡಿಯುತ್ತಿದೆ. ಅಲ್ಲಿ ರೈತರೇ ಸಹಕಾರಿ ಸಂಘ ಕಟ್ಟಿಕೊಂಡು, ರಾಸಾಯನಿಕ ಹಾಕದೆ ಬೆಳೆದ ಸಿರಿಧಾನ್ಯ, ಶೇಂಗಾ ಮಾರುತ್ತಾರೆ. ನಮ್ಮ ರಾಜ್ಯದಲ್ಲಿ ಸಹಜ ಸಮೃದ್ಧ ಎಂಬ ಸಂಸ್ಥೆ ದೇಸಿ ಭತ್ತ ಮತ್ತು ಸಿರಿಧಾನ್ಯದ ಬೀಜ ಉಳಿಸುತ್ತಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತ್ತು.

ನಮ್ಮ ಹಿರಿಯರು ಉಂಡ ಸಜ್ಜೆ, ನವಣೆ ಈಗ ಪೇಟೆಯಲ್ಲಿ ಬಣ್ಣದ ಪಾಕೀಟಿನಲ್ಲಿ ಬಂದಿವೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಮೇಲೆ ಬರೆದಿರ್ತದೆ, ಬೆಳೆದವರಿಗೆ ಎಷ್ಟು ಮುಟ್ಟಿತು ಅಂತ ಬರೆದಿರುವುದಿಲ್ಲ. ಕುಮಾರಪ್ಪನವರು ಇದ್ದಿದ್ರೆ ಮೊದಲು ಅದನ್ನೇ ಕೇಳುತ್ತಿದ್ದರು. ಗುರುಗಳು ಒಪ್ಪಿದರೆ, ಮಾತರ್ ತಾಲ್ಲೂಕಿನ ವಿದ್ಯಾರ್ಥಿಗಳ ಹಾಗೆ ನಾವೂ ನಮ್ಮ ಓಣಿಗಳಲ್ಲಿ ಮನೆಮನೆಗೆ ಹೋಗಿ, ಊರಲ್ಲಿ ಏನು ಬೆಳೀತಾರೆ, ಏನು ಕೊಂಡು ತಿಂತಾರೆ ಅಂತ ಬರೆದು ತರೋಣ. ಮುಂದಿನ ಗೋಡೆ ಪತ್ರಿಕೆಯಲ್ಲಿ ಆ ಲೆಕ್ಕವನ್ನೇ ಹಚ್ಚೋಣ.