ಪೆನ್ನಿ ಹಾಳೆಯ ಭೀತಿಲೋಕ: ಜಿ.ಡಬ್ಲ್ಯು.ಎಂ. ರೆನಾಲ್ಡ್ಸ್‌ನ ಬದುಕು ಮತ್ತು ಬರಹ

ಭಾರತೀಯ ಭಾಷೆಗಳಲ್ಲಿ ಕಾದಂಬರಿಯ ಉಗಮವನ್ನು ಕುರಿತು ನಡೆದ ಚರ್ಚೆಗಳಲ್ಲಿ ವಾಲ್ಟರ್ ಸ್ಕಾಟ್‌ನ ಹೆಸರು ಮತ್ತೆ ಮತ್ತೆ ಬರುತ್ತದೆ. ಜಾರ್ಜ್ ವಿಲಿಯಂ ಮ್ಯಾಕ್‌ಆರ್ಥರ್ ರೆನಾಲ್ಡ್ಸ್‌ನ ಹೆಸರು ಬಂದರೆ ಅಡಿಟಿಪ್ಪಣಿಯಲ್ಲಿ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ಓದಬಲ್ಲ ಭಾರತೀಯರು ನಿಜವಾಗಿ ಕೈಗೆತ್ತಿಕೊಂಡ ಪುಸ್ತಕಗಳನ್ನು ನೋಡಿದರೆ ಈ ಕ್ರಮ ತಲೆಕೆಳಗಾಗುತ್ತದೆ. ಅಂದಿನ ಗ್ರಂಥಾಲಯಗಳ ದಾಖಲೆಗಳನ್ನು ಪರಿಶೀಲಿಸಿದ ಪ್ರಿಯಾ ಜೋಶಿಯವರ 2002ರ ಅಧ್ಯಯನವು ರೆನಾಲ್ಡ್ಸ್‌ನನ್ನು ಇಲ್ಲಿನ ಓದುಗರ ಅತ್ಯಂತ ಮೆಚ್ಚಿನ ಇಂಗ್ಲಿಷ್ ಲೇಖಕರ ಸಾಲಿನಲ್ಲಿ ನಿಲ್ಲಿಸುತ್ತದೆ. ತೋಳಮಾನವ, ಹೆಣಗಳ್ಳ, ಸೈತಾನನೊಡನೆ ಒಪ್ಪಂದ ಮಾಡಿಕೊಂಡ ಶ್ರೀಮಂತ ಮುಂತಾದವರ ಕಥೆಗಳನ್ನು ವಾರವಾರವೂ ಬರೆದ ಈ ಲೇಖಕನೇ ಚಾರ್ಟಿಸ್ಟ್ ಚಳವಳಿಯ ಮುಂದಾಳುಗಳಲ್ಲೊಬ್ಬನೂ ಆಗಿದ್ದನು. ವಿಮರ್ಶೆಯು ಬಹುಕಾಲ ಈ ಎರಡು ಮುಖಗಳನ್ನು ಬೇರೆ ಬೇರೆಯಾಗಿಯೇ ಕಂಡಿತು. ಅವನ ಭೀತಿಕಥೆಗಳನ್ನು ಅವನ ರಾಜಕಾರಣದಿಂದ ಬೇರ್ಪಡಿಸಿ ಓದಿದರೆ ಎರಡೂ ಅರ್ಥವಾಗುವುದಿಲ್ಲ.

ರೆನಾಲ್ಡ್ಸ್ ಹುಟ್ಟಿದ್ದು 1814ರ ಜುಲೈ 23ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದ ಸ್ಯಾಂಡ್‌ವಿಚ್ ಎಂಬ ಕಡಲಂಚಿನ ಊರಿನಲ್ಲಿ. ತಂದೆ ನೌಕಾಪಡೆಯ ಅಧಿಕಾರಿ. ಎಂಟನೆಯ ವಯಸ್ಸಿಗೆ ತಂದೆಯನ್ನು, ಹದಿನಾರರ ಸುಮಾರಿಗೆ ತಾಯಿಯನ್ನು ಕಳೆದುಕೊಂಡನು. 1828ರಲ್ಲಿ ಅವನನ್ನು ಸ್ಯಾಂಡ್‌ಹರ್ಸ್ಟ್‌ನ ಸೈನಿಕ ಕಾಲೇಜಿಗೆ ಸೇರಿಸಲಾಯಿತು. 1830ರಲ್ಲಿ ಅದನ್ನು ಬಿಟ್ಟನು. ಸೈನ್ಯದ ಶಿಸ್ತಿನ ಬಗೆಗೆ, ಅದರಲ್ಲಿಯೂ ಸಿಪಾಯಿಗಳಿಗೆ ವಿಧಿಸುತ್ತಿದ್ದ ಛಡಿಯೇಟಿನ ಬಗೆಗೆ ಅವನಿಗಿದ್ದ ಅಸಹ್ಯ ಮುಂದೆ ‘ದಿ ಸೋಲ್ಜರ್ಸ್ ವೈಫ್’ ಕಾದಂಬರಿಯಲ್ಲಿ ಹೊರಬಿತ್ತು. ಅನಂತರ ಅವನು ಹೋದದ್ದು ಫ್ರಾನ್ಸಿಗೆ. 1830ರ ಜುಲೈ ಕ್ರಾಂತಿಯ ಬಿಸಿ ಆರದಿದ್ದ ಪ್ಯಾರಿಸ್‌ನಲ್ಲಿ ಅವನು ಗಣರಾಜ್ಯವಾದಿಯಾದನು, ಪತ್ರಕರ್ತನಾದನು, 1835ರಲ್ಲಿ ಸುಸಾನಾ ಫ್ರಾನ್ಸಿಸ್ ಪಿಯರ್ಸನ್‌ಳನ್ನು ಮದುವೆಯಾದನು. ಮೊದಲ ಕಾದಂಬರಿ ‘ದಿ ಯೂತ್‌ಫುಲ್ ಇಂಪೋಸ್ಟರ್’ ಪ್ರಕಟವಾದದ್ದೂ ಅದೇ ವರ್ಷ. ಪಿತ್ರಾರ್ಜಿತ ಹಣ ಅಲ್ಲಿನ ಪ್ರಕಟಣೋದ್ಯಮಗಳಲ್ಲಿ ಕರಗಿಹೋಯಿತು.

ಲಂಡನ್ನಿಗೆ ಮರಳಿದ ಮೇಲಿನ ಕೆಲವು ವರ್ಷಗಳು ಹೊಟ್ಟೆಪಾಡಿನ ಬರವಣಿಗೆಯವು. ‘ಮಂತ್ಲಿ ಮ್ಯಾಗಜೀನ್’ ಪತ್ರಿಕೆಯ ಸಂಪಾದಕನಾಗಿ, ಡಿಕನ್ಸ್‌ನ ಪಿಕ್‌ವಿಕ್‌ನನ್ನು ಅನುಮತಿಯಿಲ್ಲದೆ ಫ್ರಾನ್ಸಿಗೆ ಕರೆದೊಯ್ದು ‘ಪಿಕ್‌ವಿಕ್ ಅಬ್ರಾಡ್’ ಬರೆದನು. ಡಿಕನ್ಸ್ ಇದನ್ನು ಎಂದೂ ಮರೆಯಲಿಲ್ಲ. ಫ್ರೆಂಚ್ ಸಾಹಿತ್ಯವೆಂದರೆ ಅನೀತಿಯೆಂದು ಇಂಗ್ಲೆಂಡಿನ ವಿಮರ್ಶಕರು ಮೂಗುಮುರಿಯುತ್ತಿದ್ದಾಗ ಅದನ್ನು ಸಮರ್ಥಿಸುವ ಗ್ರಂಥವೊಂದನ್ನು 1839ರಲ್ಲಿ ಹೊರತಂದನು. ನಡುವೆ ಪಾನನಿಷೇಧದ ವಾರಪತ್ರಿಕೆಯೊಂದನ್ನೂ ನಡೆಸಿದನು.

1844ರಲ್ಲಿ ಅವನ ಬದುಕು ತಿರುಗಿತು. ಪ್ಯಾರಿಸ್‌ನಲ್ಲಿ ಯೂಜೀನ್ ಸ್ಯೂ ಬರೆದ ‘ಪ್ಯಾರಿಸ್ಸಿನ ರಹಸ್ಯಗಳು’ 1842-43ರಲ್ಲಿ ಪಡೆದ ಯಶಸ್ಸನ್ನು ಕಂಡ ಪ್ರಕಾಶಕ ಜಾರ್ಜ್ ವಿಕರ್ಸ್ ಅಂಥದೇ ಲಂಡನ್ ಕಥೆಯನ್ನು ಬಯಸಿದನು. ‘ಲಂಡನ್ನಿನ ರಹಸ್ಯಗಳು’ ಹೀಗೆ ಆರಂಭವಾಯಿತು. ಇದರ ಪ್ರಕಟಣೆಯ ಸ್ವರೂಪವನ್ನು ಗಮನಿಸುವುದು ಅಗತ್ಯ. ವಾರಕ್ಕೊಂದು ಕಂತು, ಎಂಟು ಪುಟ, ಎರಡು ಅಂಕಣಗಳ ಒತ್ತಾದ ಅಚ್ಚು, ಮೇಲೊಂದು ಮರದ ಅಚ್ಚಿನ ಚಿತ್ರ, ಬೆಲೆ ಒಂದು ಪೆನ್ನಿ. ಡಿಕನ್ಸ್‌ನ ಮಾಸಿಕ ಕಂತು ಒಂದು ಶಿಲಿಂಗ್, ಎಂದರೆ ಹನ್ನೆರಡು ಪೆನ್ನಿ. ಕೂಲಿಕಾರನಿಗೆ, ಮನೆಗೆಲಸದ ಹೆಂಗಸಿಗೆ, ಅಂಗಡಿಯ ಹುಡುಗನಿಗೆ ಕೈಗೆಟುಕುತ್ತಿದ್ದುದು ಪೆನ್ನಿಯ ಕಂತು ಮಾತ್ರ; ಅಕ್ಷರ ಬಾರದವರಿಗೆ ಬಂದವರು ಓದಿ ಹೇಳುತ್ತಿದ್ದರು. ವಾರಕ್ಕೆ ಸುಮಾರು 40,000 ಪ್ರತಿಗಳು ಮಾರಾಟವಾಗುತ್ತಿದ್ದುವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ರೆನಾಲ್ಡ್ಸ್ ನಾಲ್ಕು ವರ್ಷ ಇದನ್ನು ಬಿಡುವಿಲ್ಲದೆ ಬರೆದು, 1848ರಲ್ಲಿ ವಿಕರ್ಸ್‌ನನ್ನು ತೊರೆದು, ಮುದ್ರಕ ಜಾನ್ ಡಿಕ್ಸ್‌ನ ಜೊತೆಗೆ ‘ಲಂಡನ್ ಆಸ್ಥಾನದ ರಹಸ್ಯಗಳು’ ಮಾಲೆಯನ್ನು ತೊಡಗಿ, 1856ರವರೆಗೆ ನಡೆಸಿದನು.

ಮೊದಲ ಮಾಲೆಯ ಕಥಾತಂತು ಸರಳ. 1831ರಲ್ಲಿ ಅಗಲುವ ಇಬ್ಬರು ಸಹೋದರರು, ರಿಚರ್ಡ್ ಮತ್ತು ಯೂಜೀನ್ ಮಾರ್ಕ್‌ಹಂ, ಹನ್ನೆರಡು ವರ್ಷಗಳ ಅನಂತರ ಎರಡು ಮರಗಳ ಬಳಿ ಮತ್ತೆ ಸೇರುವುದಾಗಿ ಮಾತು ಕೊಟ್ಟುಕೊಳ್ಳುತ್ತಾರೆ. ಒಬ್ಬ ಸಜ್ಜನಿಕೆಯ ದಾರಿಯನ್ನೂ ಇನ್ನೊಬ್ಬ ವಂಚನೆಯ ದಾರಿಯನ್ನೂ ಹಿಡಿಯುತ್ತಾರೆ. ಆದರೆ ಓದುಗನ ನೆನಪಿನಲ್ಲಿ ಉಳಿಯುವವನು ಈ ಇಬ್ಬರಲ್ಲಿ ಯಾರೂ ಅಲ್ಲ, ಆಂಟನಿ ಟಿಡ್ಕಿನ್ಸ್ ಎಂಬ ಹೆಣಗಳ್ಳ. ಗೋರಿಗಳಿಂದ ಶವಗಳನ್ನು ಅಗೆದು ವೈದ್ಯರಿಗೆ ಮಾರುವ ಈತನ ಚಿತ್ರಣದ ಹಿಂದೆ ಆ ಕಾಲದ ಬಡವರ ನಿಜವಾದ ಭಯವಿತ್ತು. 1832ರ ಅಂಗರಚನಾ ಕಾಯಿದೆಯ ತನಕ ಕೊಲೆ ಅಪರಾಧಕ್ಕೆ ಗಲ್ಲಿಗೇರಿದವರ ಶವಗಳಷ್ಟೇ ಛೇದನಕ್ಕೆ ಕಾನೂನುಬದ್ಧವಾಗಿ ಸಿಗುತ್ತಿದ್ದುವು. ಕೊರತೆಯನ್ನು ಗೋರಿಗಳ್ಳರು ತುಂಬುತ್ತಿದ್ದರು. ಆ ಕಾಯಿದೆಯು ಕಳ್ಳತನವನ್ನು ನಿಲ್ಲಿಸಿದ್ದು, ಅನಾಥಾಲಯ ಬಡವಾಸಗಳಲ್ಲಿ ಸತ್ತ, ವಾರಸುದಾರರಿಲ್ಲದವರ ಶವಗಳನ್ನು ವೈದ್ಯಶಾಲೆಗಳಿಗೆ ಒದಗಿಸುವ ಮೂಲಕ. ಹಿಂದೆ ಕೊಲೆಗಾರನಿಗಿದ್ದ ಶಿಕ್ಷೆ ಈಗ ಬಡವನಿಗಾಯಿತು.

ರೆನಾಲ್ಡ್ಸ್ ಇಲ್ಲಿಗೇ ನಿಲ್ಲುವುದಿಲ್ಲ. ಕಥೆಯ ಓಟವನ್ನೇ ತಡೆದು ಟಿಡ್ಕಿನ್ಸ್‌ಗೆ ತನ್ನ ಜೀವನವನ್ನು ತಾನೇ ಹೇಳಿಕೊಳ್ಳುವ ಅಧ್ಯಾಯವೊಂದನ್ನು ಕೊಡುತ್ತಾನೆ. ಕೆಂಟ್ ಕರಾವಳಿಯ, ಎಂದರೆ ಲೇಖಕನ ಹುಟ್ಟುನೆಲದ, ಕಳ್ಳಸಾಗಣೆದಾರನ ಮಗ ಈತ. ಕದ್ದು ತಂದ ಸರಕನ್ನು ಕೊಳ್ಳುತ್ತಿದ್ದ ಊರ ಗಣ್ಯರೇ ತಂದೆ ಸಿಕ್ಕಿಬಿದ್ದಾಗ ಮುಖ ತಿರುಗಿಸಿದರು. ದುಡಿದು ಬದುಕಲು ಹೊರಟ ಮಗನಿಗೆ ಬಾಗಿಲುಗಳು ಮುಚ್ಚಿದುವು. ಇದೇ ಕಾದಂಬರಿಯಲ್ಲಿ ಬರುವ ಹೆಂಗಸೊಬ್ಬಳು ಕಲ್ಲಿದ್ದಲ ಗಣಿಯಲ್ಲಿ ಕಳೆದ ಬಾಲ್ಯವನ್ನು ಹೇಳುತ್ತಾಳೆ. ಆ ಭಾಗಕ್ಕೆ ಆಧಾರ ಬಾಲಕಾರ್ಮಿಕರನ್ನು ಕುರಿತ 1842ರ ಸರ್ಕಾರಿ ವರದಿ. ಕಥೆಯಲ್ಲಿ ಮೈನವಿರೇಳಿಸುವ ಪುಟಗಳು ಭೂತದವಲ್ಲ, ಆಯೋಗದ ವರದಿಯವು.

1846ರ ನವೆಂಬರಿನಲ್ಲಿ ಅವನು ಆರಂಭಿಸಿದ ‘ರೆನಾಲ್ಡ್ಸಸ್ ಮಿಸಲೆನಿ’ ಪತ್ರಿಕೆಯ ಮೊದಲ ಸಂಚಿಕೆಯಿಂದಲೇ ‘ವ್ಯಾಗ್ನರ್ ದಿ ವೇರ್‌ವುಲ್ಫ್’ ಧಾರಾವಾಹಿಯಾಗಿ ಬಂದಿತು. ಚಿತ್ರಗಳು ಹೆನ್ರಿ ಅನೆಲೆಯವು. ಇಂಗ್ಲಿಷಿನಲ್ಲಿ ತೋಳಮಾನವನನ್ನು ನಾಯಕನಾಗಿಸಿಕೊಂಡ ಮೊದಲ ದೀರ್ಘ ಕಾದಂಬರಿಗಳಲ್ಲಿ ಇದೊಂದು. 1516ರ ಚಳಿಗಾಲದ ರಾತ್ರಿ ಜರ್ಮನಿಯ ಕಪ್ಪುಕಾಡಿನ ಗುಡಿಸಲಿನಲ್ಲಿ ತೊಂಬತ್ತರ ಮುದುಕ ವ್ಯಾಗ್ನರ್ ಮೊಮ್ಮಗಳು ಆಗ್ನೆಸ್ ತೊರೆದುಹೋದ ದುಃಖದಲ್ಲಿ ಒಂಟಿಯಾಗಿದ್ದಾನೆ. ಬಾಗಿಲು ತಟ್ಟಿದ ಅಪರಿಚಿತ ಅವನಿಗೆ ಯೌವನ, ಸಂಪತ್ತು, ವಿದ್ಯೆಗಳನ್ನು ಕೊಡುತ್ತಾನೆ. ಪ್ರತಿಯಾಗಿ ಒಂದೂವರೆ ವರ್ಷ ತನ್ನ ಜೊತೆಗಿರಬೇಕು, ಮತ್ತು ತಿಂಗಳಿಗೊಂದು ರಾತ್ರಿ ತೋಳವಾಗಿ ಸಿಕ್ಕವರನ್ನು ಕೊಲ್ಲುತ್ತ ಓಡಬೇಕು. ಅಪರಿಚಿತ ಬೇರಾರೂ ಅಲ್ಲ, ರೆನಾಲ್ಡ್ಸ್‌ನ ಹಿಂದಿನ ಕಾದಂಬರಿಯ ನಾಯಕನಾದ ಫೌಸ್ಟ್. ಮುಂದಿನ ಕಥೆ ಫ್ಲಾರೆನ್ಸ್‌ನಲ್ಲಿ ನಡೆಯುತ್ತದೆ. ಮೂಗಿ, ಕಿವುಡಿ ಎಂದು ನಟಿಸುವ ನಿಸಿಡಾ ಎಂಬ ಶ್ರೀಮಂತ ಕನ್ಯೆ, ಅವಳ ಮನೆಯ ಬೀಗ ಹಾಕಿದ ಕೋಣೆ, ತಾನು ಮಾಡದ ಕೊಲೆಗಾಗಿ ಸೆರೆ ಸೇರುವ ವ್ಯಾಗ್ನರ್, ಆತ್ಮವನ್ನು ಕೊಟ್ಟರೆ ಬಿಡಿಸುವೆನೆಂದು ಸೆರೆಮನೆಗೆ ಬರುವ ಸೈತಾನ, ಒಲ್ಲೆನೆನ್ನುವ ನಾಯಕ, ಆಮೇಲೆ ಜನರಿಲ್ಲದ ದ್ವೀಪ, ತುರ್ಕರ ಹಡಗುಗಳು: ಎಲ್ಲವೂ ಒಂದರ ಮೇಲೊಂದು ಬರುತ್ತವೆ. ರಚನೆ ಸಡಿಲವಾಗಿದೆಯೆಂಬುದನ್ನು ಒಪ್ಪಲೇಬೇಕು. ವಾರದ ಗಡುವಿಗೆ ಬರೆದವನ ಆತುರ ಅಲ್ಲಲ್ಲಿ ಎದ್ದು ಕಾಣುತ್ತದೆ.

ಆದರೂ ಇದರಲ್ಲಿ ಭೀತಿ ಎಲ್ಲಿಂದ ಹುಟ್ಟುತ್ತದೆಂಬುದನ್ನು ಗುರುತಿಸಬೇಕು. ತೋಳದ ಪ್ರಸಂಗಗಳು ಚಿಕ್ಕವು, ಕೆಲವೇ ಪುಟಗಳವು. ಮಠದ ನೆಲಮಾಳಿಗೆಯಲ್ಲಿ ಹುದುಗಿಸಲ್ಪಟ್ಟ ಯುವತಿಯರು, ಇನ್‌ಕ್ವಿಸಿಷನ್ನಿನ ಚಿತ್ರಹಿಂಸೆಯ ಕೋಣೆ, ಅಲ್ಲಿ ಕೇವಲ ಯೆಹೂದ್ಯನೆಂಬ ಕಾರಣಕ್ಕೆ ನರಳುವ ಮುದಿ ಇಸಾಕರ್, ಇವುಗಳಿಗೆ ಲೇಖಕ ಕೊಡುವ ಅವಕಾಶ ಬಲು ದೊಡ್ಡದು. ಇಸಾಕರ್‌ನ ಪರವಾಗಿ ನಿರೂಪಕ ನೇರವಾಗಿ ವಾದಕ್ಕಿಳಿಯುತ್ತಾನೆ. ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ನ ಫೇಗಿನ್ ಓದುಗರ ಮನಸ್ಸಿನಲ್ಲಿ ಹಸಿಯಾಗಿದ್ದ ದಶಕವದು. ಶಾಪಗ್ರಸ್ತನಾದ ತೋಳಮಾನವ ತನ್ನ ಕ್ರೌರ್ಯಕ್ಕೆ ನಾಚುತ್ತಾನೆ. ಶಾಪವಿಲ್ಲದ ನ್ಯಾಯಾಧಿಪತಿಗಳು ನಾಚುವುದಿಲ್ಲ. ಅದೇ ಕಾಲದಲ್ಲಿ ಬಂದ ಜೇಮ್ಸ್ ಮಾಲ್ಕಂ ರೈಮರ್‌ನ ‘ವಾರ್ನಿ ದಿ ವ್ಯಾಂಪೈರ್’ನೊಡನೆ ಹೋಲಿಸಿದರೆ ರೆನಾಲ್ಡ್ಸ್‌ನ ಕೃತಿಯ ಈ ಒಲವು ಇನ್ನಷ್ಟು ಸ್ಪಷ್ಟವಾಗುತ್ತದೆ. ಮುಂದಿನ ‘ದಿ ಕೋರಲ್ ಐಲೆಂಡ್’, ‘ದಿ ಬ್ರಾಂಜ್ ಸ್ಟ್ಯಾಚ್ಯೂ’, ‘ದಿ ನೆಕ್ರೊಮ್ಯಾನ್ಸರ್’ ಇದೇ ಜಾಡಿನವು. ಕೊನೆಯದಾದ 1851-52ರ ಕೃತಿ, ಸೈತಾನನೊಡನೆ ಒಪ್ಪಂದ ಮಾಡಿಕೊಂಡ ಮಾಂತ್ರಿಕನೊಬ್ಬ ಕನ್ಯೆಯರನ್ನು ಬಲಿಗೊಡುತ್ತ ತಲೆಮಾರುಗಳನ್ನು ದಾಟುವ ಕಥೆ, ಬಂಧದಲ್ಲಿ ಉಳಿದವಕ್ಕಿಂತ ಬಿಗಿ. ಭೂತಪ್ರೇತಗಳಿಲ್ಲದ ‘ದಿ ಸೀಮ್‌ಸ್ಟ್ರೆಸ್’ನಲ್ಲಿ ಸೂಜಿಯ ದುಡಿಮೆಯೇ ಹೆಣ್ಣೊಬ್ಬಳನ್ನು ತಿಂದುಹಾಕುತ್ತದೆ.

1848ರ ಮಾರ್ಚ್ 6ರಂದು ಟ್ರಫಾಲ್ಗರ್ ಚೌಕದಲ್ಲಿ ಆದಾಯ ತೆರಿಗೆಯ ವಿರುದ್ಧ ಕರೆದಿದ್ದ ಸಭೆಯನ್ನು ಪೊಲೀಸರು ನಿಷೇಧಿಸಿದ್ದರಿಂದ ಸಂಘಟಕ ಬರಲಿಲ್ಲ. ನೆರೆದ ಜನಸ್ತೋಮದ ನಡುವೆ ಅಧ್ಯಕ್ಷ ಸ್ಥಾನಕ್ಕೇರಿದವನು ರೆನಾಲ್ಡ್ಸ್. ಫ್ರಾನ್ಸಿನ ಹೊಸ ಗಣರಾಜ್ಯವನ್ನು ಹೊಗಳಿ ಮಾತನಾಡಿದನು. ಕಾದಂಬರಿಕಾರ ಆ ದಿನದಿಂದ ಚಾರ್ಟಿಸ್ಟ್ ನಾಯಕನಾದನು. 1850ರ ಮೇ 5ರಂದು ಆರಂಭವಾದ ಅವನ ವಾರಪತ್ರಿಕೆ ‘ರೆನಾಲ್ಡ್ಸಸ್ ವೀಕ್ಲಿ ನ್ಯೂಸ್‌ಪೇಪರ್’ ದುಡಿಯುವ ವರ್ಗದ ಪ್ರಮುಖ ಪತ್ರಿಕೆಯಾಗಿ ಬೆಳೆಯಿತು. 1857ರಲ್ಲಿ ಲಂಡನ್ನಿನ ಪತ್ರಿಕೆಗಳು ಸೇಡಿಗಾಗಿ ಕೂಗುತ್ತಿದ್ದಾಗ ಭಾರತದ ಬಂಡಾಯಕ್ಕೆ ಕಂಪನಿಯ ದುರಾಡಳಿತವೇ ಕಾರಣವೆಂದು ವಾದಿಸಿದ ಬೆರಳೆಣಿಕೆಯ ಪತ್ರಿಕೆಗಳಲ್ಲಿ ಇದೊಂದು.

ಅವನ ಪ್ರಾಮಾಣಿಕತೆಯ ಬಗ್ಗೆ ಸಂಶಯಗಳೂ ಅಂದೇ ಇದ್ದುವು. ಡಿಕನ್ಸ್ 1850ರಲ್ಲಿ ತನ್ನ ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ ಹೆಸರೆತ್ತದೆ ಅವನನ್ನು ಚುಚ್ಚಿದನು. ಮಾರ್ಕ್ಸ್ ಎಂಗೆಲ್ಸ್‌ನಿಗೆ ಬರೆದ 1858ರ ಪತ್ರದಲ್ಲಿ ಅವನನ್ನು ಹಣವಂತನಾದ ಚತುರ ವ್ಯಾಪಾರಿಯೆಂದು, ಧೂರ್ತನೆಂದು ಕಂಡನು. ಚಾರ್ಟಿಸ್ಟ್ ನಾಯಕ ಅರ್ನೆಸ್ಟ್ ಜೋನ್ಸ್ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 1859ರಲ್ಲಿ ರೆನಾಲ್ಡ್ಸ್ ಸೋತನು. ಶ್ರೀಮಂತರ ಲಂಪಟತನವನ್ನು ಖಂಡಿಸುತ್ತಲೇ ಅದನ್ನು ಸವಿವರವಾಗಿ ವರ್ಣಿಸಿ ಮಾರಿದನೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆಸ್ಥಾನದ ರಹಸ್ಯಗಳಲ್ಲಿ ನಾಲ್ಕನೆಯ ಜಾರ್ಜ್‌ನ ಶಯ್ಯಾಗೃಹಕ್ಕೆ ಸಿಕ್ಕ ಪುಟಗಳು ರಾಜಕೀಯ ವಾದದ ಅಗತ್ಯವನ್ನು ಮೀರಿವೆ. ಆದರೆ ರಾಜಪ್ರಭುತ್ವದ ನಿಂದೆ ಲಾಭಕರವಾಗಿತ್ತೆಂಬ ಮಾತ್ರಕ್ಕೆ ಅದು ಸುಳ್ಳು ನಿಂದೆಯಾಗುವುದಿಲ್ಲ.

ತಾನೂ ‘ಗ್ರೆಟ್ನಾ ಗ್ರೀನ್’ ಎಂಬ ಕಾದಂಬರಿ ಬರೆದಿದ್ದ ಸುಸಾನಾ 1858ರಲ್ಲಿ ತೀರಿಕೊಂಡಳು. 1860ರ ಹೊತ್ತಿಗೆ ಅವನ ಕಾದಂಬರಿ ರಚನೆ ಬಹುತೇಕ ನಿಂತಿತ್ತು. ಉಳಿದ ವರ್ಷಗಳನ್ನು ಪತ್ರಿಕೆಗೆ ಮೀಸಲಿಟ್ಟು 1879ರ ಜೂನ್‌ನಲ್ಲಿ ಲಂಡನ್ನಿನಲ್ಲಿ ನಿಧನನಾದನು. ಪುಸ್ತಕ ವ್ಯಾಪಾರಿಗಳ ಪತ್ರಿಕೆಯೊಂದು ಅವನನ್ನು ತನ್ನ ಕಾಲದ ಅತ್ಯಂತ ಜನಪ್ರಿಯ ಲೇಖಕನೆಂದು ಕರೆಯಿತು. ಪತ್ರಿಕೆ ಹೆಸರು ಬದಲಿಸಿಕೊಳ್ಳುತ್ತ 1967ರವರೆಗೆ ಬದುಕಿತು. ಕಾದಂಬರಿಗಳು ಇಂಗ್ಲೆಂಡಿನಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಮರೆಯಾದುವು.

ಮರೆಯಾಗದೆ ಉಳಿದದ್ದು ಭಾರತದಲ್ಲಿ. ಪ್ರೇಮಚಂದರು ತಮ್ಮ ಹದಿಮೂರರ ವಯಸ್ಸಿನಲ್ಲಿ, ಎಂದರೆ 1890ರ ದಶಕದ ಆರಂಭದಲ್ಲಿ, ರೆನಾಲ್ಡ್ಸ್‌ನ ಉರ್ದು ಅನುವಾದಗಳು ಒಂದರ ಹಿಂದೊಂದು ಬರುತ್ತಿದ್ದುದನ್ನು, ತಾವು ಅವುಗಳಿಗೆ ಮರುಳಾಗಿದ್ದುದನ್ನು ನೆನೆದಿದ್ದಾರೆ. ತಮಿಳಿನಲ್ಲಿ ಆರಣಿ ಕುಪ್ಪುಸ್ವಾಮಿ ಮುದಲಿಯಾರ್ ಅವನ ಹಲವು ಕಾದಂಬರಿಗಳನ್ನು ರೂಪಾಂತರಿಸಿದರು. ಶೈವ ವಿದ್ವಾಂಸ ಮರೈಮಲೈ ಅಡಿಗಳ್ ಕೂಡ 1911ರಲ್ಲಿ ಅವನ ‘ಲೈಲಾ’ ಕಾದಂಬರಿಯನ್ನು ಆಧರಿಸಿ ಬರೆದರು. ಮರಾಠಿಯಲ್ಲಿ ಹರಿ ನಾರಾಯಣ ಆಪ್ಟೆಯವರ ಮೊದಲ ಕಾದಂಬರಿ, 1885ರಲ್ಲಿ ಆರಂಭವಾದ ‘ಮಧಲೀ ಸ್ಥಿತಿ’ಗೆ ಪ್ರೇರಣೆ ರೆನಾಲ್ಡ್ಸ್‌ನ ಹಳೆಯ ಲಂಡನ್ನಿನ ಕಥೆ. ಆಪ್ಟೆಯವರು ಆ ಮಾದರಿಯನ್ನು ಪುಣೆಯ ಮಧ್ಯಮ ವರ್ಗದ ಕುಟುಂಬಕ್ಕೆ ತಂದರು, ಬಳಿಕ ಐತಿಹಾಸಿಕ ಕಾದಂಬರಿಗೆ ಹೊರಳಿದರು. ಗಳಗನಾಥರು ಕನ್ನಡಕ್ಕೆ ತಂದದ್ದು ಆಪ್ಟೆಯವರ ಈ ಎರಡನೆಯ ಮುಖವನ್ನು. ಕಂತಿನ ಕೊನೆಗೆ ಕುತೂಹಲವನ್ನು ತೂಗುಬಿಡುವುದು, ಓದುಗನನ್ನು ಕರೆದು ಮಾತನಾಡಿಸುವುದು, ಗುಪ್ತಮಾರ್ಗ ಮತ್ತು ವೇಷಾಂತರ, ಇವು ಗಳಗನಾಥರ ಪುಟಗಳಲ್ಲಿಯೂ ಹೇರಳ. ಇವನ್ನು ಸ್ಕಾಟ್‌ನ ಲೆಕ್ಕಕ್ಕೆ ಹಾಕಿದವರು ಆಪ್ಟೆಯವರು ಬರೆಯಲು ಕಲಿತದ್ದು ಯಾರನ್ನು ಓದಿ ಎಂಬುದನ್ನು ಪರಿಗಣಿಸಲಿಲ್ಲ.